ಖಂಡೇನವಮಿಗೆ ಇಳಿದು ಬಂದ ಕತ್ತಿ

ಅಪ್ಪ ಬೆಳಿಗ್ಗೆ ಮುಂದಿನ ಬಾಗಿಲಿನಿಂದ ಹೋಗುತ್ತಿದ್ದ, ಸಂಜೆ ಪಕ್ಕದ ಗೇಟಿನಿಂದ ಬರುತ್ತಿದ್ದ. ಲಂಡನ್ನಿನ ಕೆಂಟನ್‌ನಲ್ಲಿದ್ದ ನಮ್ಮ ಆ ಮನೆಯ ಬಗ್ಗೆ ಏನು ಹೇಳಹೊರಟರೂ ನನಗೆ ಮೊದಲು ನೆನಪಾಗುವುದು ಇದೇ. ಹೋಗುವಾಗ ಇಸ್ತ್ರಿ ಮಾಡಿದ ಅಂಗಿ, ಕೋಟು, ಟೈ, ಕೈಯಲ್ಲೊಂದು ಕಂದು ಬಣ್ಣದ ಬ್ರೀಫ್‌ಕೇಸು. ಎದುರುಮನೆಯ ಮುದುಕ ಹಾಲಿನ ಬಾಟಲಿ ಎತ್ತಿಕೊಳ್ಳಲು ಹೊರಗೆ ಬಂದಿದ್ದರೆ ಅವನಿಗೊಂದು ಗತ್ತಿನ ಗುಡ್ ಮಾರ್ನಿಂಗ್. ಬರುವಾಗ ಮಾತ್ರ ಕಸದ ಡಬ್ಬಿಗಳ ಪಕ್ಕದಲ್ಲಿ ಕಳ್ಳನ ಹಾಗೆ ನುಸುಳಿ ಹಿತ್ತಲಿಗೆ ಬಂದು, ಅಡುಗೆಮನೆಗೆ ಅಂಟಿಕೊಂಡಿದ್ದ ಬಚ್ಚಲಿಗೆ ಸೀದಾ ಹೊಕ್ಕುಬಿಡುತ್ತಿದ್ದ. ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಲ್ಲುವುದು ನನ್ನ ಕೆಲಸ. ಆಸೆ ತಡೆಯದೆ ಓಡಿ ಹೋಗಿ ತಬ್ಬಿಕೊಳ್ಳಲು ನೋಡಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

"ಮುಟ್ಟಬ್ಯಾಡವಾ, ಜಳಕಾ ಆಗಿಲ್ಲ ಇನ್ನ."

ಇದು ಮಡಿ ಎಂದೇ ನಾನು ತಿಳಿದಿದ್ದೆ. ಅಪ್ಪನ ಊರು ವಿಜಯಪುರ, ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ನೀರು ಕುಡಿಯದ ಮನೆತನ. ಅಲ್ಲಿಯವರೆಲ್ಲ ಹೀಗೇ ಇರಬೇಕು ಅಂದುಕೊಂಡಿದ್ದೆ. ನಿಜ ಬೇರೆ ಇತ್ತು. ಅಪ್ಪ ಪಾರ್ಕ್ ರಾಯಲ್‌ನ ಒಂದು ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ತಾಸು ನಿಂತುಕೊಂಡು ಹ್ಯಾಮ್ ಕೊಯ್ಯುತ್ತಿದ್ದ. ತತ್ತಿಯನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳದ ಮನೆಯ ಮಗ ಹಂದಿ ಮಾಂಸದ ಮುಂದೆ ಚಾಕು ಹಿಡಿದು ನಿಲ್ಲುತ್ತಿದ್ದ. ಅವ್ವನಿಗೆ ಇದು ಗೊತ್ತಿತ್ತು. ಉಳಿದವರ ಪಾಲಿಗೆ ಅವನು ಫುಡ್ ಕಂಪನಿಯೊಂದರ ಆಫೀಸಿನಲ್ಲಿ ಸಾಹೇಬ. ವಿಜಯಪುರದ ಅಜ್ಜನಿಗೆ ಬರೆದ ಕಾಗದಗಳಲ್ಲೂ ಸಾಹೇಬ, ನಾವು ಹಬ್ಬಕ್ಕೆ ಕರೆಯುತ್ತಿದ್ದ ಡಾಕ್ಟರ್ ಕೇಶವ್ ಅವರ ಮುಂದೆಯೂ ಸಾಹೇಬ, ನನಗಂತೂ ಸಾಹೇಬರ ಸಾಹೇಬ. ಉಳಿದವರಿಗೆ ಗೊತ್ತಾದರೆ ಹೇಗಾದರೂ ತಡೆದುಕೊಂಡೇನು, ಮಗಳಿಗೆ ಗೊತ್ತಾದರೆ ಅವಳು ನನ್ನನ್ನು ಹೇಗೆ ನೋಡುತ್ತಾಳೆ ಎಂದು ಅವನು ಅವ್ವನ ಬಳಿ ಹೇಳಿಕೊಳ್ಳುತ್ತಿದ್ದನಂತೆ. ಆಗ ನನಗೆ ಹತ್ತು ವರ್ಷ.

ಮನೆ ದೊಡ್ಡದೇನಲ್ಲ. ಕೆಳಗೆ ಕೂಡುವ ಕೋಣೆ, ಅಡುಗೆಮನೆ, ಮೇಲೆ ಮೂರು ಮಲಗುವ ಕೋಣೆಗಳು. ಅವುಗಳಲ್ಲಿ ಚಿಕ್ಕದನ್ನು ಬಾಡಿಗೆಗೆ ಕೊಟ್ಟಿದ್ದೆವು. ಅವ್ವ ಧಾರವಾಡದವಳು, ರೊಟ್ಟಿ ಬಡಿಯಲು ಶುರು ಮಾಡಿದಳೆಂದರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಅವ್ವ ಅದನ್ನು ತಾಳ ಎಂದುಕೊಂಡು ಇನ್ನೂ ಜೋರಾಗಿ ಬಡಿಯುತ್ತಿದ್ದಳು. ಜೋಳದ ಹಿಟ್ಟು ಗುಜರಾತಿ ಅಂಗಡಿಯದು, ಶೇಂಗಾ ಚಟ್ನಿ ಊರಿನಿಂದ ಬಂದದ್ದು, ಬದನೆಕಾಯಿ ಮಾತ್ರ ಎಲ್ಲಿಯದೋ, ರುಚಿಯೇ ಇಲ್ಲದ್ದು. ಇಂಥ ಊಟಕ್ಕೆ ಮೇಲಿನ ಕೋಣೆಯಿಂದ ಪ್ರತಿ ಭಾನುವಾರ ಇಳಿದು ಬರುತ್ತಿದ್ದವರು ನಕಾನೋ. ಅರವತ್ತರ ಹತ್ತಿರದ, ಸಣ್ಣ ಮೈಕಟ್ಟಿನ, ಮೆಟ್ಟಿಲಿಗೂ ನೋವಾಗದಂತೆ ನಡೆಯುವ ಜಪಾನಿ ಮನುಷ್ಯ. ಲಂಡನ್ನಿನ ದೊಡ್ಡ ಗ್ರಂಥಾಲಯದಲ್ಲಿದ್ದ ಹಳೆಯ ಜಪಾನಿ ಕಾಗದಗಳನ್ನು ಓದಲು ಎರಡು ವರ್ಷಕ್ಕೆಂದು ಬಂದಿದ್ದರು. ಅವರ ಹಿರೀಕರು ಸಮುರಾಯ್‌ಗಳು ಎಂದು ಅಪ್ಪ ಎಲ್ಲಿಂದಲೋ ತಿಳಿದುಕೊಂಡಿದ್ದ. ಆ ದಿನದಿಂದ ನಮ್ಮ ಮನೆಯ ಗೌರವ ಒಂದು ಅಂತಸ್ತು ಮೇಲೆ ಹೋಯಿತು.

ಅಪ್ಪನಿಗೂ ನನಗೂ ಸಮುರಾಯ್ ಹುಚ್ಚು. ಟಿವಿಯಲ್ಲಿ ಬಂದದ್ದು, ಬಾಡಿಗೆ ಕ್ಯಾಸೆಟ್ಟಿನಲ್ಲಿ ಸಿಕ್ಕಿದ್ದು, ಲೈಬ್ರರಿಯ ಚಿತ್ರಕಥೆ ಪುಸ್ತಕಗಳು, ಒಂದನ್ನೂ ಬಿಟ್ಟವರಲ್ಲ. ಎಲ್ಲದರಲ್ಲೂ ಒಂದೇ ಕಥೆ. ಒಬ್ಬ ಮೌನಿ ವೀರ, ಅವನ ಸುತ್ತ ಇಪ್ಪತ್ತು ಜನ ದುಷ್ಟರು, ಗಾಳಿಯಲ್ಲಿ ಹಾರುವ ಎಲೆಗಳು, ಮಿಂಚಿದ ಕತ್ತಿ, ಬಿದ್ದ ಇಪ್ಪತ್ತು ಹೆಣ. ಮಾನ ಹೋದರೆ ಅಲ್ಲೇ ಕೂತು ಹೊಟ್ಟೆ ಸೀಳಿಕೊಳ್ಳುವುದು. ಆ ಭಾಗ ಬಂದಾಗ ಅಪ್ಪ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅವ್ವನಿಗೆ ಇದ್ಯಾವುದೂ ತಾಗುತ್ತಿರಲಿಲ್ಲ.

"ಇಪ್ಪತ್ತ ಮಂದಿ ಒಬ್ಬೊಬ್ಬರ ಯಾಕ ಬರತಾರ? ಒಮ್ಮೆಲೇ ಬರಾಕ ಏನ್ ಧಾಡಿ?"

"ನಿನಗ ತಿಳಿಯೂದಿಲ್ಲ ಸುಮ್ಮನಿರು. ಅದು ಅವರ ಮರ್ಯಾದಿ," ಎನ್ನುತ್ತಿದ್ದ ಅಪ್ಪ.

ನಕಾನೋ ಅವರೊಂದಿಗೆ ಸಲಿಗೆ ಬೆಳೆದ ಮೇಲೆ ಒಂದು ಭಾನುವಾರ ಊಟದ ಹೊತ್ತಿನಲ್ಲಿ, ನಿಮ್ಮ ಮುತ್ತಜ್ಜ ಎಷ್ಟು ಜನರನ್ನು ಕೊಂದಿದ್ದರು ಎಂದು ನಾನು ಕೇಳಿಯೇಬಿಟ್ಟೆ. ಅಪ್ಪ ಗದರಿದ. ಆದರೆ ಉತ್ತರಕ್ಕೆ ಅವನೂ ಕಿವಿ ನೆಟ್ಟಗೆ ಮಾಡಿದ್ದ. ನಕಾನೋ ರೊಟ್ಟಿಯ ತುಂಡನ್ನು ತಟ್ಟೆಗಿಟ್ಟು, ಪದಕ್ಕೆ ಪದ ಹುಡುಕುವ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು.

"ಯಾರನ್ನೂ ಇಲ್ಲ. ಅವರು ಕೋಟೆಯ ಒಂದು ಬಾಗಿಲು ಕಾಯುತ್ತಿದ್ದರು. ತಿಂಗಳಿಗೆ ಕೆಲವು ದಿನ ಮಾತ್ರ. ಆ ಬಾಗಿಲಿಗೆ ಶತ್ರು ಯಾರೂ ಬರಲಿಲ್ಲ. ಬರುತ್ತಿದ್ದವರು ಕಟ್ಟಿಗೆಯವರು, ತರಕಾರಿಯವರು."

ಆಮೇಲೆ ಅವರು ಹೇಳುತ್ತ ಹೋದದ್ದನ್ನೆಲ್ಲ ನಾನು ವೈರಿಯ ಮಾತು ಕೇಳಿದಂತೆ ಕೇಳಿದೆ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅವರ ದೇಶದಲ್ಲಿ ದೊಡ್ಡ ಯುದ್ಧವೇ ಇರಲಿಲ್ಲವಂತೆ. ಸಮುರಾಯ್‌ಗಳೆಂದರೆ ಹೆಚ್ಚಿನವರು ಕಾಗದಪತ್ರ ಬರೆಯುವವರು, ಉಗ್ರಾಣ ನೋಡಿಕೊಳ್ಳುವವರು, ಪಾಳಿಯ ಮೇಲೆ ಕಾವಲು ನಿಲ್ಲುವವರು. ವಿನಾ ಕಾರಣ ಕತ್ತಿ ಎಳೆದರೆ ಶಹಬ್ಬಾಸ್‌ಗಿರಿ ಅಲ್ಲ, ವಿಚಾರಣೆ. ಅದಕ್ಕೂ ಹಿಂದಿನ ಯುದ್ಧಗಳ ಕಾಲದಲ್ಲಿ ಕತ್ತಿಗಿಂತ ಬಿಲ್ಲು, ಈಟಿಯ ಕೆಲಸವೇ ಜಾಸ್ತಿ ಇತ್ತಂತೆ. ವೀರ ಹೇಗೆ ಸಾಯಬೇಕು ಎಂದು ಪುಸ್ತಕ ಬರೆದವರಲ್ಲಿ ಎಷ್ಟೋ ಜನ ಒಂದೂ ಯುದ್ಧ ನೋಡದವರಂತೆ. ಕೆಳಗಿನ ದರ್ಜೆಯ ಸಮುರಾಯ್‌ಗಳಿಗೆ ಸಿಗುತ್ತಿದ್ದ ಅಕ್ಕಿ ಮನೆಗೆ ಸಾಲದೆ, ಹಿಂದಿನ ಕೋಣೆಯಲ್ಲಿ ಕೂತು ಗಂಡ, ಹೆಂಡತಿ, ಮಕ್ಕಳೆಲ್ಲ ಬಿದಿರು ಸೀಳಿ, ಎಣ್ಣೆ ಕಾಗದ ಅಂಟಿಸಿ ಛತ್ರಿ ಮಾಡುತ್ತಿದ್ದರಂತೆ.

"ಛತ್ರಿ?" ಅಂದ ಅಪ್ಪ. ಅವನ ಮುಖ ನೋಡುವ ಹಾಗಿರಲಿಲ್ಲ.

"ಬಹಳ ಒಳ್ಳೆಯ ಛತ್ರಿ," ಅಂದರು ನಕಾನೋ.

ಅವ್ವನಿಗೆ ಮಾತ್ರ ಇದು ಬಹಳ ಹಿಡಿಸಿತು. ಕಾಗದದ ಛತ್ರಿ ಮಳೆಯಲ್ಲಿ ಹೇಗೆ ತಾಳುತ್ತದೆ, ಯಾವ ಎಣ್ಣೆ, ಅಂಟು ಯಾವುದರಿಂದ ಮಾಡುತ್ತಿದ್ದರು ಎಂದೆಲ್ಲ ಕೇಳಿ, ಅವರ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ನಾನು ಸೋಲಲಿಲ್ಲ. ನಕಾನೋ ಅವರ ಮಂಚದ ಕೆಳಗೆ ನನ್ನ ತೋಳಿಗಿಂತ ಉದ್ದದ ಕಟ್ಟಿಗೆಯ ಪೆಟ್ಟಿಗೆಯೊಂದಿತ್ತು. ಅಷ್ಟು ಉದ್ದದ ಪೆಟ್ಟಿಗೆಯಲ್ಲಿ ಕತ್ತಿಯಲ್ಲದೆ ಇನ್ನೇನಿರುತ್ತದೆ? ಇವರು ವಿನಯಕ್ಕೆ ಸುಳ್ಳು ಹೇಳುತ್ತಿದ್ದಾರೆ, ನಿಜವಾದ ವೀರರು ಹೀಗೇ ಎಂದು ತೀರ್ಮಾನಿಸಿದೆ. ಡಾಕ್ಟರ ಮಗಳು ಅನುಷಾ ನನ್ನ ಕ್ಲಾಸಿನವಳು. ಅವಳ ಮುಂದೆ, ನಮ್ಮ ಮನೆಯಲ್ಲಿ ಅಸಲಿ ಸಮುರಾಯ್ ಕತ್ತಿ ಇದೆ, ಹಬ್ಬಕ್ಕೆ ಬಂದಾಗ ತೋರಿಸುತ್ತೇನೆ ಎಂದು ಬಡಾಯಿ ಕೊಚ್ಚಿದ್ದೂ ಆಯಿತು.

ಆ ವರ್ಷ ಖಂಡೇನವಮಿ ಶನಿವಾರ ಬಂದಿತ್ತು. ಅವತ್ತು ಮನೆಯಲ್ಲಿನ ಆಯುಧ, ಸಲಕರಣೆಗಳನ್ನೆಲ್ಲ ತೊಳೆದು ಪೂಜೆ ಮಾಡಬೇಕು. ಅವ್ವನ ಪದ್ಧತಿಯಲ್ಲಿ ಈಳಿಗೆಮಣೆ, ಲಟ್ಟಣಿಗೆ, ಹೊಲಿಗೆ ಯಂತ್ರ, ನನ್ನ ಕಂಪಾಸ್ ಪೆಟ್ಟಿಗೆ, ಅಪ್ಪನ ಪೆನ್ನು, ಬ್ರೀಫ್‌ಕೇಸು ಎಲ್ಲ ಸಾಲಾಗಿ ಕೂತು ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದವು. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಮೇಲಿನ ಕೋಣೆ ಗುಡಿಸಲು ಹೋದವಳ ಕಣ್ಣಿಗೂ ಪೆಟ್ಟಿಗೆ ಬಿತ್ತು. ಅದರಲ್ಲಿ ಕತ್ತಿ ಇದೆ ಎಂದು ನಾನೇ ಹೇಳಿದೆ. ಅವ್ವ ಹೌಹಾರಿದಳು. ಕತ್ತಿ ಇದ್ದದ್ದಕ್ಕಲ್ಲ.

"ಮನ್ಯಾಗ ಆಯುಧ ಇಟಗೊಂಡು ಖಂಡೇನವಮಿಗೆ ಪೂಜಿ ಮಾಡಲಾರದ ಬಿಡೂದ? ಹೋದ ವರ್ಷನೂ ಹಂಗ ಬಿಟ್ಟೇವಲ್ಲ!"

ಅವತ್ತೇ ಸಂಜೆ ಮೆಟ್ಟಿಲ ಕೆಳಗೆ ನಿಂತು, ಅರ್ಧ ಕನ್ನಡ, ಕಾಲು ಇಂಗ್ಲಿಷು, ಉಳಿದದ್ದು ಕೈಸನ್ನೆಯಲ್ಲಿ ನಕಾನೋ ಅವರಿಗೆ ಆಮಂತ್ರಣ ಕೊಟ್ಟಳು. ಬಾಕ್ಸ್, ಸ್ಯಾಟರ್‌ಡೇ, ಡೌನ್, ಪೂಜಾ, ಕಂಪಲ್ಸರಿ. ನಕಾನೋ ಬಹಳ ಹೊತ್ತು ಯೋಚಿಸಿದರು. ಆಮೇಲೆ ಸೊಂಟ ಬಗ್ಗಿಸಿ ವಂದಿಸಿ, ಆಗಲಿ ಅಂದರು.

ಶನಿವಾರ ಬೆಳಿಗ್ಗೆ ಕೇಶವ್ ಅಂಕಲ್, ಪದ್ಮಾ ಆಂಟಿ, ಅನುಷಾ ಬಂದರು. ಅಂಕಲ್ ಆಸ್ಪತ್ರೆಯ ಸರ್ಜನ್, ಮೈಸೂರಿನವರು. ಪೂಜೆಗೆಂದು ತಮ್ಮ ಸ್ಟೆತಸ್ಕೋಪ್ ತಂದಿದ್ದರು. ಅಪ್ಪ ಅವರೊಂದಿಗೆ ಮಾತಾಡುವಾಗ ವಿಜಯಪುರದ ಮಾತು ಬಿಟ್ಟು ಬೆಂಗಳೂರಿನ ಮಾತಿಗೆ ತಿರುಗಿಕೊಳ್ಳುತ್ತಿದ್ದ. ಆಫೀಸಿನಲ್ಲಿ ಕೆಲಸ ಬಹಳ, ಕೈಕೆಳಗಿನವರು ಸರಿ ಇಲ್ಲ ಎಂದು ಅವತ್ತೂ ಹೇಳುತ್ತಿದ್ದ. ನಾನು ಮತ್ತು ಅನುಷಾ ಮೆಟ್ಟಿಲ ಮೇಲೆ ಕಣ್ಣಿಟ್ಟು ಕೂತಿದ್ದೆವು. ನಕಾನೋ ಕಪ್ಪು ಸೂಟು ಹಾಕಿಕೊಂಡು, ಪೆಟ್ಟಿಗೆಯನ್ನು ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು ಇಳಿದು ಬಂದರು. ಚಾಪೆಯ ಮೇಲೆ ಮೊಣಕಾಲೂರಿ ಕೂತು ಮುಚ್ಚಳ ತೆಗೆದರು. ಒಳಗೆ ರೇಷ್ಮೆ ಬಟ್ಟೆ, ಬಟ್ಟೆಯೊಳಗೆ ಕತ್ತಿ! ಕನ್ನಡಿಯಂತೆ ಹೊಳೆಯುವ ಕಪ್ಪು ಒರೆ, ನೂಲು ಸುತ್ತಿದ ಹಿಡಿ. ನಾನು ಅನುಷಾಳನ್ನು ಮೊಣಕೈಯಿಂದ ತಿವಿದೆ. ಅಪ್ಪನ ಕಣ್ಣು ನನ್ನ ಕಣ್ಣಿಗಿಂತ ದೊಡ್ಡದಾಗಿತ್ತು. ನಕಾನೋ ಹಿಡಿ ಹಿಡಿದು ಮೆಲ್ಲಗೆ ಎಳೆದರು.

ಒಳಗೆ ಉಕ್ಕು ಇರಲಿಲ್ಲ, ಬಿದಿರಿತ್ತು. ಹಳದಿಗಟ್ಟಿದ, ಅಲಗಿನ ಆಕಾರಕ್ಕೆ ಹೆರೆದ ಬಿದಿರಿನ ಪಟ್ಟಿ.

"ಇಟ್ಸ್ ಫೇಕ್," ಅಂದಳು ಅನುಷಾ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಕಾನೋ ಎಲ್ಲರಿಗೂ ಕೇಳುವಂತೆ ನಿಧಾನವಾಗಿ ಹೇಳಿದರು. ಒಂದು ಕೆಟ್ಟ ವರ್ಷದಲ್ಲಿ ಮುತ್ತಜ್ಜ ಉಕ್ಕಿನ ಅಲಗನ್ನು ಮಾರಿಬಿಟ್ಟರು. ಆದರೆ ಸಮುರಾಯ್ ಆದವನು ಸೊಂಟದಲ್ಲಿ ಕತ್ತಿಯಿಲ್ಲದೆ ಹೊರಗೆ ಹೋಗುವ ಹಾಗಿಲ್ಲ. ಅದಕ್ಕೇ ಬಿದಿರಿನ ಅಲಗು ಮಾಡಿ ಒರೆಗೆ ಸೇರಿಸಿಕೊಂಡು, ಉಳಿದ ಆಯುಷ್ಯವೆಲ್ಲ ಹಾಗೇ ತಿರುಗಾಡಿದರು. ಅಂಥವರು ಇನ್ನೂ ಇದ್ದರು. ಇಷ್ಟು ಹೇಳಿ ರೇಷ್ಮೆಯ ಅಡಿಯಿಂದ ಇನ್ನೊಂದು ವಸ್ತು ತೆಗೆದರು. ಗೇಣುದ್ದದ, ಹಿಡಿ ಸವೆದ, ಕುರೂಪಿ ಚಾಕು.

"ಇದು ಬಿದಿರು ಸೀಳುವ ಚಾಕು. ಛತ್ರಿಗೆ. ಅದನ್ನು ಹಾಕಿಕೊಂಡು ಬೀದಿಗೆ ಹೋಗುತ್ತಿದ್ದರು, ಇದನ್ನು ಹಿಡಿದು ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ನಿಮ್ಮ ಪೂಜೆಗೆ ಯಾವುದು ಬೇಕೋ ನನಗೆ ತಿಳಿಯಲಿಲ್ಲ. ಎರಡನ್ನೂ ತಂದಿದ್ದೇನೆ."

ಅಪ್ಪ ಇದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಅವನು ಆ ಚಾಕುವನ್ನೇ ನೋಡುತ್ತ ಕೂತಿದ್ದ. ಅಂಕಲ್ ಹೇಳಿದರು. ಅವ್ವ ಒಂದು ಕ್ಷಣವೂ ಯೋಚಿಸಲಿಲ್ಲ.

"ಹೊಟ್ಟಿ ಹೊರದದ್ದು ಯಾವುದೋ ಅದಕ್ಕ ಮೊದಲ ಹಚ್ಚೂದು. ಇದರಾಗೇನ್ ಕೇಳೂದೈತಿ?"

ಚಾಕುವಿಗೆ ಕುಂಕುಮ ಹಚ್ಚಿ, ಹೂ ಇಟ್ಟು, ಆಮೇಲೆ ಒರೆಗೂ ಒಂದು ಬೊಟ್ಟು ಇಟ್ಟಳು. ಬಳಿಕ ಕುಂಕುಮದ ಬೆರಳು ಅಪ್ಪನ ಬ್ರೀಫ್‌ಕೇಸಿನ ಹತ್ತಿರ ಹೋಯಿತು.

"ತಡಿ," ಅಂದ ಅಪ್ಪ.

ಎದ್ದು ಹಿತ್ತಲಿಗೆ ಹೋದ. ಶೆಡ್ಡಿನ ಬಾಗಿಲು ಕಿರುಗುಟ್ಟಿದ್ದು ಕೇಳಿತು. ಮರಳಿ ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಚೀಲವಿತ್ತು. ಅದರೊಳಗಿಂದ ಒಂದು ಕೈಗವಸು ತೆಗೆದು ಬ್ರೀಫ್‌ಕೇಸಿನ ಜಾಗದಲ್ಲಿಟ್ಟ. ಬಟ್ಟೆಯದಲ್ಲ, ಉಕ್ಕಿನ ಸಣ್ಣ ಸಣ್ಣ ಬಳೆಗಳನ್ನು ಹೆಣೆದು ಮಾಡಿದ್ದು, ಚಿತ್ರಕಥೆಯ ವೀರರ ಕವಚದ ಹಾಗೆ. ಅಪ್ಪ ಅಂಕಲ್ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಗೋಡೆಯ ಕಡೆ ತಿರುಗಿ, ವಿಜಯಪುರದ ಮಾತಿನಲ್ಲಿಯೇ ಹೇಳಿದ.

"ನಾ ಆಫೀಸಿನಾಂವ ಅಲ್ರಿ, ಡಾಕ್ಟರ. ಸ್ಯಾಂಡ್‌ವಿಚ್ ಮಾಡೂ ಕಡೆ ಹ್ಯಾಮ್ ಕೊಯ್ತೀನಿ. ಕೈ ಕೊಯ್ಕೋಬಾರದಂತ ಇದನ್ನ ಹಾಕ್ಕೋಬೇಕು. ಹಳೇದಾತಂತ ಮನೀಗಿ ತಂದಿಟ್ಟಿದ್ದೆ. ಎಷ್ಟ ಸಲ ತೊಳದೀನಿ ಅಂತ ನನಗ ಗೊತ್ತು."

ಪದ್ಮಾ ಆಂಟಿ ಮೂಗಿಗೆ ಸೆರಗು ಹಿಡಿದರು. "ಅಯ್ಯೋ, ದೇವರ ಮುಂದೆ ಇದನ್ನ ಇಡೋದಾ ರೀ?" ಎಂದು ಗಂಡನ ಕಡೆ ನೋಡಿದರು. ಅಂಕಲ್ ತಮ್ಮ ಸ್ಟೆತಸ್ಕೋಪನ್ನು ಒಂದಿಷ್ಟು ಆಚೆ ಸರಿಸಿ ಕೈಗವಸಿಗೆ ಜಾಗ ಮಾಡಿಕೊಟ್ಟರು. ಅವ್ವ ಕಣ್ಣೊರೆಸಿಕೊಳ್ಳುತ್ತಲೇ ಉಕ್ಕಿನ ಐದೂ ಬೆರಳಿಗೆ ಕುಂಕುಮ ಹಚ್ಚಿದಳು. ಊಟಕ್ಕೆ ಕೂತಾಗ ಆಂಟಿ ಹೊಟ್ಟೆ ಸರಿಯಿಲ್ಲ ಎಂದರು. ಅಂಕಲ್ ಅವರ ಪಾಲಿನ ಹೋಳಿಗೆಯನ್ನೂ ಕೇಳಿ ಹಾಕಿಸಿಕೊಂಡರು. ಆ ಮನುಷ್ಯನ ಋಣ ನಾನು ಮರೆಯಲಾರೆ.

ನಾನೇನು ಮಾಡಿದೆ ಎಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಊಟವಾದದ್ದೇ ಎದ್ದು ಮೇಲಿನ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದೇ ಬೆಳಿಗ್ಗೆ ಇಬ್ಬರು ವೀರರನ್ನು ಕಳೆದುಕೊಂಡ ಸಿಟ್ಟು ನನಗೆ. ಮರುದಿನ ಭಾನುವಾರ ಬನ್ನಿ ಹಬ್ಬ. ಚಿಕ್ಕವರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಕಾಲು ಮುಟ್ಟಬೇಕು. ಕೆಂಟನ್‌ನಲ್ಲಿ ಬನ್ನಿ ಗಿಡ ಎಲ್ಲಿಂದ ಬರಬೇಕು? ಮುಂದಿನ ಬೇಲಿಯ ಎಲೆಗಳನ್ನೇ ಅವ್ವ ಬನ್ನಿ ಮಾಡುತ್ತಿದ್ದಳು. ಅವತ್ತು ನಾನು ಅವ್ವನಿಗೆ ಕೊಟ್ಟೆ, ಅಪ್ಪನಿಗೆ ಕೊಡಲಿಲ್ಲ. ಅವನು ಕೂಡುವ ಕೋಣೆಯಲ್ಲಿ ಅಂಗೈ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ಎದ್ದು ಟಿವಿ ಹಾಕಿದ, ಕೂಡಲೇ ಆರಿಸಿದ.

ಸಂಜೆ ಮೆಟ್ಟಿಲ ಮೇಲೆ ನಕಾನೋ ಸಿಕ್ಕಾಗ ಅವರ ಮೇಲೂ ಹರಿಹಾಯ್ದೆ.

"ಯು ಲೈಡ್ ಟು ಅಸ್!"

ಕತ್ತಿ ಇದೆ ಎಂದು ನಾನು ಯಾವತ್ತೂ ಹೇಳಿರಲಿಲ್ಲವಲ್ಲ ಎಂದು ಅವರು ಅನ್ನಬಹುದಿತ್ತು, ಅನ್ನಲಿಲ್ಲ. ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತುಕೊಂಡರು. ಮುತ್ತಜ್ಜ ಇಲ್ಲದ ಹೊತ್ತಿನಲ್ಲಿ ಅವರ ಮಗ ಆ ಕತ್ತಿಯನ್ನು ಕದ್ದು ಎಳೆದು ನೋಡಿದನಂತೆ. ಅವನೇ ನಕಾನೋ ಅವರ ಅಜ್ಜ. ಆಗ ಆ ಹುಡುಗನಿಗೆ ಒಂಬತ್ತು ವರ್ಷ. ಬಿದಿರು ಕಂಡದ್ದೇ ತನ್ನ ಅಪ್ಪನ ಮೇಲೆ ಸಿಟ್ಟು ಬಂದು ಮಾತು ಬಿಟ್ಟನಂತೆ. ಒಂದೇ ಕೋಣೆಯಲ್ಲಿ ಎದುರು ಬದುರು ಕೂತು ಛತ್ರಿಗೆ ಕಾಗದ ಅಂಟಿಸುತ್ತಿದ್ದರೂ ಮಾತಿಲ್ಲ.

"ಎಷ್ಟು ದಿನ?" ಎಂದು ಕೇಳಿದೆ.

"ಚಳಿಗಾಲದವರೆಗೆ. ಆ ಚಳಿಗಾಲ ಮುತ್ತಜ್ಜ ಜ್ವರ ಬಂದು ತೀರಿಹೋದರು." ನಕಾನೋ ತಮ್ಮ ಕೈಗಳನ್ನು ನೋಡಿಕೊಂಡರು. "ಅಜ್ಜ ಎಂಬತ್ತು ವರ್ಷ ಬದುಕಿದರು. ಪೆಟ್ಟಿಗೆ ನಮ್ಮ ತಂದೆಗೆ ಕೊಡುವಾಗಲೂ ಅದನ್ನೇ ಹೇಳಿದರಂತೆ. ಕತ್ತಿಯ ಬಗ್ಗೆ ಅಲ್ಲ. ಆಡದೆ ಉಳಿದ ಆ ಮಾತಿನ ಬಗ್ಗೆ."

ಈಗ ಲಂಡನ್ನಿನದೇ ಹೇಸ್‌ನಲ್ಲಿರುವ ನಮ್ಮ ಮನೆಯಲ್ಲಿ ಪ್ರತಿ ಖಂಡೇನವಮಿಗೆ ನನ್ನ ಲ್ಯಾಪ್‌ಟಾಪು, ಮಕ್ಕಳ ಟ್ಯಾಬ್ಲೆಟ್ಟುಗಳಿಗಿಂತ ಮೊದಲು ಆ ಕೈಗವಸಿಗೆ ಕುಂಕುಮ. ಅವ್ವನೇ ಹಚ್ಚುತ್ತಾಳೆ. ಅಪ್ಪ ಈಗಲೂ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಸಮುರಾಯ್ ಸೀರಿಯಲ್‌ಗಳನ್ನು ಬಿಡದೆ ನೋಡುತ್ತಾನೆ, ನೋಡುತ್ತಲೇ ಜಗಳ ತೆಗೆಯುತ್ತಾನೆ. "ಎಲ್ಲಾ ಸುಳ್ಳ. ಒಬ್ಬರ ಮನ್ಯಾಗೂ ಒಂದು ಛತ್ರಿ ತೋರಸವಲ್ರು ನೋಡು." ನಕಾನೋ ತಮ್ಮ ದೇಶಕ್ಕೆ ಹೋಗಿ ಬಹಳ ವರ್ಷಗಳಾದವು. ಹೋಗುವಾಗ ನನಗೆಂದು ಏನನ್ನೂ ಬಿಟ್ಟುಹೋಗಲಿಲ್ಲ. ಆ ಮೆಟ್ಟಿಲ ಮೇಲೆ ಕೊಟ್ಟದ್ದೇ ಸಾಕಷ್ಟಿತ್ತು. ನನಗೆ ಮರಳಿ ಅಪ್ಪ ಸಿಕ್ಕ ಹಾಗೆ ಅವರ ಅಜ್ಜನಿಗೆ ಸಿಗಲಿಲ್ಲ, ನನಗೆ ಸಿಗುವಂತೆ ಮಾಡಿದವರು ನಕಾನೋ.

ಆ ಬನ್ನಿ ಹಬ್ಬದ ಮರುದಿನ, ಸೋಮವಾರ ಬೆಳಿಗ್ಗೆ, ಅಪ್ಪ ಟೈ ಕಟ್ಟಿಕೊಳ್ಳದೆ, ಹಳೆಯ ಸ್ವೆಟರ್ ಹಾಕಿಕೊಂಡು, ಊಟದ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಕೆಲಸಕ್ಕೆ ಹೋದ. ಸಂಜೆ ಅವನು ಬರುವ ಹೊತ್ತಿಗೆ ನಾನು ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಲ್ಲಲಿಲ್ಲ. ಪಕ್ಕದ ಗೇಟಿನ ಹೊರಗೆ, ಕಸದ ಡಬ್ಬಿಗಳ ಹತ್ತಿರ, ಶಾಲೆಯ ಕೋಟಿನ ಜೇಬಿನಲ್ಲಿ ಬಾಡಿದ ಬೇಲಿ ಎಲೆ ಇಟ್ಟುಕೊಂಡು ನಿಂತಿದ್ದೆ. ನನ್ನನ್ನು ಕಂಡು ಅವನು ದೂರದಲ್ಲೇ ನಿಂತ. ಎಲೆ ತೆಗೆದು ಮುಂದೆ ಹೋದೆ. ಅವನು ಎಂದಿನ ಹಾಗೆ ಎರಡು ಹೆಜ್ಜೆ ಹಿಂದೆ ಸರಿದ.

"ಮುಟ್ಟಬ್ಯಾಡವಾ. ಜಳಕಾ ಆಗಿಲ್ಲ."

"ಗೊತ್ತದ," ಅಂದೆ. ಬೂಟು ಮುಟ್ಟಿ ನಮಸ್ಕಾರ ಮಾಡಿ, ಅವನ ಕೈ ಹಿಡಿದು ಅಂಗೈಯಲ್ಲಿ ಎಲೆ ಇಟ್ಟೆ. ತಣ್ಣನೆಯ ಕೈ. ಸೋಪಿನ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ. ಮೂಗು ಮುಚ್ಚಿಕೊಳ್ಳಲಿಲ್ಲ. ಹಿಡಿದ ಕೈ ಬಿಡದೆ ಅವನನ್ನು ಮನೆ ಸುತ್ತಿಸಿ ಮುಂದಿನ ಬಾಗಿಲಿಗೆ ಕರೆದುಕೊಂಡು ಬಂದೆ. ಆ ಬಾಗಿಲಿನ ಕೀಲಿ ಅವನ ಬಳಿ ಇರಲೇ ಇಲ್ಲ, ಯಾವತ್ತೂ ಬೇಕಾಗಿರಲಿಲ್ಲ. ನಾನೇ ಬೆಲ್ ಒತ್ತಿದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಯಾರು?" ಎಂದು ಅವ್ವ ಅಡುಗೆಮನೆಯಿಂದಲೇ ಕೂಗಿದಳು.

ಅಪ್ಪ ನನ್ನ ಕಡೆ ನೋಡಿದ. ಗಂಟಲು ಸರಿ ಮಾಡಿಕೊಂಡ.

"ನಾನ," ಅಂದ.